ತಿರುಗದ ಖಾನೆ

“ಒಪ್ಕೊಂಡ್ಬಿಡೋ ಮಾರಾಯ,” ಎಂದರು ಸೋದರಮಾವ. “ಪ್ರೋಗ್ರಾಂ ಬರೆಯೋವಾಗ ಒಂದು ಸಾಲು ಬಿಟ್ಟುಹೋಯ್ತು, ಕೈತಪ್ಪು ಅಂತ ಬರೆದುಕೊಡು. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು.”

ತಮ್ಮ ತಲೆ ಎತ್ತಲಿಲ್ಲ. ಬೇಡಿ ಹಾಕಿದ ಎರಡೂ ಕೈಗಳನ್ನು ಆಸ್ಪತ್ರೆಯ ಮೀಟಿಂಗ್ ಕೋಣೆಯ ಮೇಜಿನ ಮೇಲೆ ಇಟ್ಟುಕೊಂಡು, ಆ ಕೈಗಳು ಬೇರೆ ಯಾರದ್ದೋ ಎನ್ನುವ ಹಾಗೆ ನೋಡುತ್ತ ಕೂತಿದ್ದ.

“ಬಿಡದೇ ಇರೋ ಸಾಲನ್ನ ಬಿಟ್ಟೆ ಅಂತ ಯಾಕೆ ಒಪ್ಕೋಬೇಕು ಮಾವ?” ಎಂದು ಅಕ್ಕ ಸಿಡುಕಿದಳು. “ನೀವು ನನ್ನ ಗುರು. ಕಳ್ಳನ್ನ ಹಿಡಿಯೋದು ಹೇಗೆ ಅಂತ ಕಲಿಸಿದವರು. ಈಗ ಹೆದರಿಕೊಂಡು ಸಹಿ ಹಾಕು ಅಂತೀರಲ್ಲ!”

“ಗುರು ಅಂತಲೇ ಹೇಳ್ತಿದೀನಿ. ಅಜಾಗರೂಕತೆ ಅಂದ್ರೆ ಎರಡು ವರ್ಷ. ಕೊಲೆ ಅಂದ್ರೆ ಜೀವನವೇ ಮುಗೀತು.”

ಸುತ್ತಲ ಬೀದಿಯವರ ಬಾಯಲ್ಲಿ ಅವಳು ಪತ್ತೇದಾರಕ್ಕ. ಕಳುವಾದ ಸ್ಕೂಟರಿನಿಂದ ಹಿಡಿದು ಕಾಣೆಯಾದ ಗಂಡನವರೆಗೆ ಏನು ಹೇಳಿದರೂ ಹುಡುಕಿ ತರುವವಳು. ಮಾವ ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಇಬ್ಬರೂ ಸೇರಿ ಒಂದು ಪುಟ್ಟ ಆಫೀಸು ತೆರೆದಿದ್ದರು. ಅಪ್ಪ ಅಮ್ಮ ಇಲ್ಲದ ಈ ಅಕ್ಕ ತಮ್ಮಂದಿರಿಗೆ ಅನ್ನ ಹಾಕಿ, ಓದಿಸಿ, ಒಂದು ದಡ ಮುಟ್ಟಿಸಿದ್ದು ಅದೇ ಮಾವ.

ಮೊನ್ನೆ ಮಧ್ಯಾಹ್ನ ಇದೇ ಆಸ್ಪತ್ರೆಯಲ್ಲಿ, ಮುರಿದ ಕಾಲಿನ ನೋವಿಗೆಂದು ಇಂಜೆಕ್ಷನ್ ಚುಚ್ಚಿಸಿಕೊಂಡ ಏಳನೇ ಮಂಚದ ಮರದ ವ್ಯಾಪಾರಿ ಉಸಿರು ನಿಂತು ಸತ್ತಿದ್ದ. ಸೀಸೆಯಲ್ಲಿದ್ದದ್ದು ನೋವಿನ ಔಷಧವಲ್ಲ. ಆಪರೇಷನ್ ಹೊತ್ತಿನಲ್ಲಿ ಮೈ ಸಡಿಲಿಸಲು ಕೊಡುವ, ಅಳತೆ ತಪ್ಪಿದರೆ ಪ್ರಾಣ ತೆಗೆಯುವ ಮದ್ದು. ಸೀಸೆ ಬಂದದ್ದು ಔಷಧದ ಕಪಾಟಿನಿಂದ; ಕಪಾಟು ಕೊಟ್ಟದ್ದನ್ನು ನಂಬಿ ನರ್ಸ್ ಚೀಟಿ ಓದಿರಲಿಲ್ಲ. ಕಪಾಟನ್ನು ತಿರುಗಿಸುವ ಪ್ರೋಗ್ರಾಂ ಬರೆದವನು ತಮ್ಮ.

ಯಂತ್ರಕ್ಕೆ ಬಾಯಿಲ್ಲ, ಅದರ ಮೇಲೆ ತಪ್ಪು ಹೊರಿಸುವುದು ಸಲೀಸು. ಯಂತ್ರವನ್ನು ಜೈಲಿಗೆ ಹಾಕಲಾಗದ್ದಕ್ಕೆ ಅದನ್ನು ಬರೆದವನನ್ನು ಸಾವಿನ ಬೆನ್ನಿಗೇ ಹಿಡಿದು ತಂದಿದ್ದರು.

“ಪೊಲೀಸ್ ಕಸ್ಟಡಿ ಇವತ್ತಿಗೆ ಮುಗೀತು, ಸಂಜೆ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ,” ಎಂದರು ಇನ್ಸ್‌ಪೆಕ್ಟರ್. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಅವರು ಒಣ ಮನುಷ್ಯ, ಒಣ ಮಾತು. “ಅಷ್ಟರೊಳಗೆ ನಿಮ್ಮ ತಮ್ಮ ನಿರಪರಾಧಿ ಅಂತ ತೋರಿಸೋದಿದ್ರೆ ತೋರಿಸಿ. ಆಮೇಲೆ ನನ್ನ ಕೈಲಿಲ್ಲ.”

“ತೋರಿಸ್ತೀನಿ,” ಎಂದಳು ಅಕ್ಕ. ತಮ್ಮನನ್ನು ಈ ಕೋಣೆಯಿಂದ ಮನೆಗೆ ಕರೆದುಕೊಂಡು ಹೋಗದೆ ತಾನು ಹೋಗುವುದಿಲ್ಲ ಎಂದು ಬೆಳಿಗ್ಗೆಯೇ ನಿಶ್ಚಯಿಸಿದ್ದಳು.

ಮೇಜಿನ ಆ ತುದಿಯಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ. ಅವರ ಪಕ್ಕದಲ್ಲಿ ಇಂಜೆಕ್ಷನ್ ಕೊಟ್ಟ ನರ್ಸ್, ಅತ್ತು ಅತ್ತು ಮೂಗು ಟೊಮೆಟೊ ಹಣ್ಣಾಗಿತ್ತು.

“ತೋರಿಸೋದೇನಿದೆ?” ಎಂದರು ಡಾಕ್ಟರಮ್ಮ. “ನಿನ್ನೆ ಬೇರೆ ಕಂಪ್ಯೂಟರಿನವರನ್ನ ಕರೆಸಿ ನೋಡಿಸಿದ್ವಿ. ಪ್ರೋಗ್ರಾಮಿನಲ್ಲಿ ಒಂದು ಮುಖ್ಯವಾದ ಸಾಲೇ ಇಲ್ಲ. ಅದಿಲ್ಲದೆ ಔಷಧಗಳ ಹೆಸರು ಅದಲುಬದಲಾಗುತ್ತಂತೆ. ನೋವಿನದ್ದು ಕೇಳಿದ್ರೆ ಪಕ್ಕದ ಟ್ರೇ ಬಂತು. ಒಂದು ಜೀವ ಹೋಯ್ತು. ಇನ್ನೇನು ಬೇಕು?”

“ಯಾವ ಸಾಲು ಅಂತ ಗೊತ್ತಾ ನಿಮಗೆ?”

“ಅದೆಲ್ಲ ನನಗೆ ಗೊತ್ತಾಗಲ್ಲಮ್ಮ. ನಾನು ಡಾಕ್ಟರು.”

“ನನಗೂ ಗೊತ್ತಿರಲಿಲ್ಲ. ನಿನ್ನೆ ಲಾಕಪ್ಪಿನ ಕಂಬಿ ಹಿಡ್ಕೊಂಡು ಇವನ ಹತ್ರ ಪಾಠ ಹೇಳಿಸ್ಕೊಂಡೆ.” ಅಕ್ಕ ಗೋಡೆಯ ಬಿಳಿ ಹಲಗೆಯ ಹತ್ತಿರ ಹೋಗಿ ಪೆನ್ನಿನ ಮುಚ್ಚಳ ತೆಗೆದಳು. “ನರ್ಸಮ್ಮ, ಸ್ವಲ್ಪ ಎದ್ದು ಬನ್ನಿ. ಅಳೋದು ಆಮೇಲೆ ಇದ್ದೇ ಇದೆ.”

ಅವಳು ಒಂದು ದೊಡ್ಡ ಚೌಕ ಬರೆದು, ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಮನೆ ಮಾಡಿದಳು. ಒಟ್ಟು ಒಂಬತ್ತು. ಅಂಚಿನ ಎಂಟು ಮನೆಗಳಲ್ಲಿ ಗಡಿಯಾರ ಸುತ್ತುವ ದಿಕ್ಕಿಗೆ ಒಂದರಿಂದ ಎಂಟರವರೆಗೆ ಅಂಕಿ ಬರೆದಳು. ನಡುವಿನ ಮನೆ ಖಾಲಿ ಬಿಟ್ಟಳು.

“ಇದು ನಿಮ್ಮ ಕಪಾಟು. ಇವನ ಭಾಷೆಯಲ್ಲಿ ಮ್ಯಾಟ್ರಿಕ್ಸ್. ಅಂಚಿನಲ್ಲಿ ಎಂಟು ಟ್ರೇ, ಒಂದೊಂದರಲ್ಲಿ ಒಂದೊಂದು ಔಷಧ. ಮುಂದುಗಡೆ ಒಂದೇ ಕಿಂಡಿ. ನೀವು ಬೇಕಾದ ಔಷಧದ ಹೆಸರು ಒತ್ತುತ್ತೀರಿ, ಟ್ರೇಗಳು ಗಾಣದೆತ್ತಿನ ಹಾಗೆ ಸುತ್ತು ಬರ್ತವೆ, ಬೇಕಾದ್ದು ಕಿಂಡಿಗೆ ಬಂದಾಗ ನಿಲ್ತವೆ. ಸರೀನಾ?”

“ಸರಿ,” ಎಂದಳು ನರ್ಸ್, ಮೂಗೊರೆಸಿಕೊಳ್ಳುತ್ತ.

“ಟ್ರೇ ಒಂದು ಮನೆ ಮುಂದೆ ಹೋದಾಗ ಕಂಪ್ಯೂಟರಿನೊಳಗೆ ಹೆಸರೂ ಒಂದು ಮನೆ ಮುಂದೆ ಹೋಗಬೇಕು. ಇಲ್ಲದಿದ್ರೆ ಯಾವ ಔಷಧ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಈಗ ನೀವೇ ಕಂಪ್ಯೂಟರು. ಪ್ರತಿ ಮನೆಗೂ ಅದರ ಹಿಂದಿನ ಮನೆಯ ಅಂಕಿ ಬರೀರಿ. ಎಂಟರಿಂದ ಶುರು ಮಾಡಿ.”

ನರ್ಸ್ ಎಂಟನ್ನು ಒರೆಸಿ ಏಳು ಬರೆದಳು. ಏಳನ್ನು ಒರೆಸಿ ಆರು. ಹಾಗೇ ಬಂದು ಎರಡನ್ನು ಒರೆಸಿ ಒಂದು ಬರೆದಳು. ಒಂದನೇ ಮನೆಯ ಮುಂದೆ ಅವಳ ಕೈ ನಿಂತಿತು.

“ಇದಕ್ಕೆ ಎಂಟು ಬರೀಬೇಕು. ಆದ್ರೆ ಎಂಟು ಎಲ್ಲಿ? ಆಗಲೇ ಒರೆಸಿಬಿಟ್ನಲ್ಲ!”

“ಹೌದು ತಾನೆ? ಅದಕ್ಕೇ ಮೊದಲು ಎಂಟನ್ನ ಎತ್ತಿ ಬೇರೆ ಕಡೆ ಇಟ್ಕೋಬೇಕು. ಎಲ್ಲಾ ಸರಿಸಿ ಆದಮೇಲೆ ಅದನ್ನ ಒಂದನೇ ಮನೆಗೆ ಹಾಕಬೇಕು. ಎತ್ತಿಟ್ಕೊಳ್ಳೋ ಆ ಸಾಲೇ ಈಗ ಪ್ರೋಗ್ರಾಮಿನಲ್ಲಿಲ್ಲ.”

“ನಾನು ಹೇಳಿದ್ದೂ ಅದೇ!” ಡಾಕ್ಟರಮ್ಮ ಮೇಜು ತಟ್ಟಿದರು. “ಒಂದು ಹೆಸರು ಮಾಯ, ಇನ್ನೊಂದು ಎರಡು ಸಲ. ಔಷಧ ತಪ್ಪದೆ ಇನ್ನೇನಾಗುತ್ತೆ?”

“ತಾಳಿ ಮೇಡಂ. ನರ್ಸಮ್ಮ, ಇನ್ನೊಂದು ಸುತ್ತು.”

ನರ್ಸ್ ಮತ್ತೆ ಒರೆಸಿದಳು, ಬರೆದಳು. ಈಗ ಒಂದು ಎನ್ನುವುದು ಮೂರು ಮನೆಗಳಲ್ಲಿತ್ತು. ಏಳೂ ಇಲ್ಲ, ಎಂಟೂ ಇಲ್ಲ. ಇನ್ನೊಂದು ಸುತ್ತಿಗೆ ನಾಲ್ಕು ಮನೆಗಳಲ್ಲಿ ಒಂದು. ಅಂಕಿಗಳು ಒಂದೊಂದೇ ಅಳಿಯುತ್ತ ಹೋದವು. ನರ್ಸಿನ ಅಳು ನಿಂತುಹೋಗಿತ್ತು. ಬಾಯಿ ತೆರೆದುಕೊಂಡು ಬರೆಯುತ್ತಿದ್ದಳು. ಕೊನೆಗೆ ಅಂಚಿನ ಎಂಟೂ ಮನೆಗಳಲ್ಲಿ ಒಂದು, ಒಂದು, ಒಂದು.

“ಅಯ್ಯೋ ದೇವರೇ,” ಎಂದಳು ನರ್ಸ್.

“ಅವತ್ತು ಬೆಳಗಿಂದ ಕಪಾಟು ಎಷ್ಟು ಸಲ ತಿರುಗಿರಬಹುದು?”

“ಲೆಕ್ಕ ಇಟ್ಟವರ್ಯಾರು ಅಕ್ಕಾ? ಗಿರಗಿರ ತಿರುಗ್ತಾನೇ ಇತ್ತು.”

“ಬೇರೆ ಔಷಧ ಎಲ್ಲಾ ಸಿಕ್ತಾ?”

“ಸಿಕ್ತು. ಜ್ವರದ್ದು, ಸಕ್ಕರೆ ಕಾಯಿಲೆಯದ್ದು, ವಾಂತಿದು, ಎಲ್ಲಾ. ಸ್ಕ್ರೀನಿನಲ್ಲಿ ಎಂಟು ಹೆಸರೂ ಇದ್ವು. ಅವರ ಉಸಿರು ನಿಂತಾಗಲೂ ನಾನು ಓಡಿಬಂದು ಉಸಿರಿನ ಔಷಧ ತಗೊಂಡೆ. ಅದೂ ಸರಿಯಾಗೇ ಬಂತು.”

ಅಕ್ಕ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ಆ ಸಾಲು ಅವತ್ತು ಇಲ್ಲದೇ ಇದ್ದಿದ್ರೆ ಬೆಳಗಿನ ಕಾಫಿ ಹೊತ್ತಿಗೆಲ್ಲ ಒಂದೇ ಹೆಸರು ಉಳೀಬೇಕಿತ್ತು ಸಾರ್. ಉಳೀಲಿಲ್ಲ. ಅಂದ್ರೆ ಸಾಲು ಇತ್ತು. ಮನುಷ್ಯ ಸತ್ತಮೇಲೆ ಯಾರೋ ಅಳಿಸಿದಾರೆ. ಆಗ ಇವನು ನಿಮ್ಮ ಲಾಕಪ್ಪಿನಲ್ಲಿದ್ದ.”

ಇನ್ಸ್‌ಪೆಕ್ಟರ್ ಬಾಗಿಲು ಬಿಟ್ಟು ಹಲಗೆಯ ಹತ್ತಿರ ಬಂದರು. ಎಂಟು ಒಂದುಗಳನ್ನು ಬೆರಳಿಟ್ಟು ಎಣಿಸಿದರು. ಒಣ ಮುಖದಲ್ಲಿ ಮೊದಲ ಸಲ ಹುಬ್ಬು ಮೇಲೇರಿತು.

“ಅಳಿಸೋಕೆ ಪ್ರೋಗ್ರಾಂ ಗೊತ್ತಿರೋರೇ ಬೇಕಲ್ಲ?”

“ಬೇಕಿಲ್ಲ ಸಾರ್,” ತಮ್ಮ ಇಷ್ಟು ಹೊತ್ತಿಗೆ ಬಾಯಿಬಿಟ್ಟ. “ಆ ಸಾಲಿನ ಪಕ್ಕದಲ್ಲಿ ನಾನೇ ಬರೆದಿಟ್ಟಿದ್ದೆ. ‘ಇದನ್ನು ಮುಟ್ಟಬೇಡಿ, ತೆಗೆದರೆ ಎಲ್ಲ ಕೆಡುತ್ತದೆ’ ಅಂತ. ಮುಂದೆ ರಿಪೇರಿ ಮಾಡೋರಿಗೆ ಗೊತ್ತಾಗಲಿ ಅಂತ ನಾವು ಹಾಗೆ ಬರೆದಿಡ್ತೀವಿ.”

“ಕಳ್ಳನಿಗೆ ಕೈಹಿಡಿದು ದಾರಿ ತೋರಿಸಿದ್ದೀಯಾ, ಭೇಷ್,” ಎಂದರು ಮಾವ.

ಅಕ್ಕನಿಗೆ ಕುಣಿಯಬೇಕೆನಿಸಿತು. ಅರ್ಧ ಗೆದ್ದಾಗಿತ್ತು. ಉಳಿದರ್ಧ ಅವಳ ಕೈಚೀಲದಲ್ಲಿತ್ತು. ವ್ಯಾಪಾರಿಗೆ ಚುಚ್ಚಿದ ಸೀಸೆಯ ಫೋಟೋವನ್ನು ತೆಗೆದು ಮೇಜಿನ ಮೇಲಿಟ್ಟಳು.

“ಮೇಡಂ, ಕೆಲವು ವಾರದಿಂದ ನಿಮ್ಮ ಆಸ್ಪತ್ರೆಯಲ್ಲಿ ಔಷಧ ಕಳುವಾಗ್ತಿದೆ ಅಂತ ತಾನೆ ನೀವು ನಮ್ಮನ್ನ ಕರೆಸಿದ್ದು? ಗೇಟಿನಲ್ಲಿ ಎಲ್ಲರ ಚೀಲ ಜಾಲಾಡಿದ್ರಿ. ಸಿಬ್ಬಂದಿ ಕಪಾಟು ಒಡೆಸಿದ್ರಿ. ಒಂದು ಸೀಸೆಯೂ ಸಿಗಲಿಲ್ಲ.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಈ ಸೀಸೆ ಮೇಲಿನ ತಯಾರಿಕೆ ನಂಬರ್ ನೋಡಿ. ಕಪಾಟಿನ ಟ್ರೇನಲ್ಲಿ ಈಗ ಇರೋ ಮದ್ದಿನದ್ದಲ್ಲ ಇದು. ಕಳುವಾದ ಸೀಸೆಗಳದ್ದು.”

ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ನೋಡಿದವರ ಮುಖ ಬಿಳಿಚಿಕೊಂಡಿತು.

“ಕಳುವಾದ ಸೀಸೆ ಮತ್ತೆ ಕಪಾಟಿನೊಳಗೆ ಹೇಗೆ ಬಂತು?”

“ಅದು ಹೊರಗೆ ಹೋಗೇ ಇರಲಿಲ್ಲ ಅನ್ಸುತ್ತೆ,” ಎಂದಳು ಅಕ್ಕ. ಹಲಗೆಯ ಮೇಲೆ ನಡುವಿನ ಖಾಲಿ ಮನೆಗೆ ಪೆನ್ನಿನಿಂದ ಕುಟ್ಟಿದಳು. “ಅಂಚಿನ ಎಂಟು ಸುತ್ತುತ್ತವೆ. ಇದು? ಇದು ಎಲ್ಲಿಗೂ ಹೋಗಲ್ಲ. ಎಷ್ಟು ಸಲ ತಿರುಗಿಸಿದ್ರೂ ಕಿಂಡಿಗೆ ಬರಲ್ಲ. ಮನೆಯವರೆಲ್ಲ ಓಡಾಡ್ತಿದ್ರೂ ಜಗುಲಿ ಬಿಟ್ಟು ಏಳದ ಅತ್ತೆ ಹಾಗೆ ಕೂತಲ್ಲೇ ಕೂತಿರುತ್ತೆ. ಇದರೊಳಗೆ ಏನಿದೆ ಮೇಡಂ?”

“ಏನೂ ಇಲ್ಲ. ಆ ಟ್ರೇ ಖಾಲಿ. ಕಪಾಟು ತಂದಾಗಿಂದ ಖಾಲಿ.”

“ನೋಡಿದೋರು ಯಾರು?”

ಯಾರೂ ನೋಡಿರಲಿಲ್ಲ. ಹಿಂದಿನ ಬಾಗಿಲು ತೆರೆಯದೆ ಆ ಖಾನೆ ಕಾಣುವುದೇ ಇಲ್ಲ.

“ತೆಗೆಸಿ ನೋಡೋಣ ಬನ್ನಿ,” ಎಂದು ಅಕ್ಕ ಹೊರಟಳು.

“ಅಕ್ಕಾ, ಬೇಡ.”

ತಮ್ಮ ಎದ್ದು ನಿಂತಿದ್ದ.

“ಏನು ಬೇಡ?”

“ಹಿಂದಿನ ಬಾಗಿಲು ತೆಗೆಸಬೇಡ. ಸಾರ್, ಆ ಕಾಗದ ಕೊಡಿ. ಮಾವ ಹೇಳಿದ ಹಾಗೆ ಸಹಿ ಹಾಕ್ತೀನಿ. ಸಾಲು ನಾನೇ ಬಿಟ್ಟೆ. ನನ್ನದೇ ತಪ್ಪು.”

ಈಗಷ್ಟೇ ಎಲ್ಲರ ಕಣ್ಣೆದುರಿಗೆ ಸುಳ್ಳು ಎಂದು ತೋರಿಸಿದ ತಪ್ಪನ್ನು ಇವನು ತನ್ನದೇ ಅನ್ನುತ್ತಿದ್ದಾನೆ!

“ತಲೆಗಿಲೆ ಕೆಟ್ಟಿದ್ಯೇನೋ ನಿನಗೆ?”

“ಹುಡುಗ ಹೆದರಿದಾನೆ ಪುಟ್ಟಿ, ಬಿಡು,” ಎಂದರು ಮಾವ ಮೆತ್ತಗೆ. “ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗುತ್ತೆ. ಅವನೇ ಸಹಿ ಹಾಕ್ತೀನಿ ಅಂತಿದಾನಲ್ಲ.”

“ಇಲಿ ಆದ್ರೂ ಸರಿ, ಹಿಡೀತೀನಿ.”

ಇನ್ಸ್‌ಪೆಕ್ಟರ್ ತಮ್ಮನ ತೋಳು ಹಿಡಿದು ಮುಂದೆ ನಡೆಸಿದರು. ಎಲ್ಲರೂ ಹಿಂದೆ ಹೋದರು.

ಔಷಧದ ಕೋಣೆ ಚಿಕ್ಕದು, ತಣ್ಣಗಿತ್ತು. ಬೀರುವಿನಷ್ಟು ಎತ್ತರದ ಕಪಾಟು ಗೋಡೆಯಿಂದ ಒಂದು ಮೊಳ ಮುಂದೆ ನಿಂತು ಗುಂಯ್‌ಗುಡುತ್ತಿತ್ತು. ಅದರ ಹಿಂದಿನ ಸಂದಿಗೆ ಒಬ್ಬರು ಅಡ್ಡಡ್ಡ ನುಸುಳಬಹುದು, ಅಷ್ಟೆ. ಕಪಾಟಿನ ಹಿಂಬಾಗಿಲಿಗೆ ಗುಂಡಿ ಒತ್ತುವ ಬೀಗ. ಅದನ್ನು ತೆರೆಯುವ ಗುಟ್ಟಿನ ಅಂಕಿ ಇದ್ದದ್ದು ಇಬ್ಬರಿಗೇ: ಡಾಕ್ಟರಮ್ಮನಿಗೊಂದು, ರಿಪೇರಿಗೆಂದು ತಮ್ಮನಿಗೊಂದು.

ಡಾಕ್ಟರಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಂದಿಗೆ ನುಸುಳಿದರು. ಗುಂಡಿಗಳ ಕಿಚಿಕಿಚಿ ಕೇಳಿಸಿತು. ಬಾಗಿಲು ತೆರೆದುಕೊಂಡಿತು.

ಆಮೇಲೆ ಏನೂ ಕೇಳಿಸಲಿಲ್ಲ.

“ಮೇಡಂ?” ಎಂದರು ಇನ್ಸ್‌ಪೆಕ್ಟರ್.

“ಇಲ್ಲಿ... ಇಲ್ಲಿ ಬನ್ನಿ ಯಾರಾದ್ರೂ.”

ಅಕ್ಕ ನುಗ್ಗಿ ಡಾಕ್ಟರಮ್ಮನ ಭುಜದ ಮೇಲಿಂದ ಇಣುಕಿದಳು. ನಡುವಿನ ಟ್ರೇ ತುಂಬ ಸೀಸೆಗಳು. ಒಂದರ ಮೇಲೊಂದು, ಹತ್ತಿ ಸುತ್ತಿ, ಜೋಪಾನವಾಗಿ ಜೋಡಿಸಿಟ್ಟಿದ್ದ ಸೀಸೆಗಳು. ಕಳುವಾದವು ಎಂದು ಊರೆಲ್ಲ ಹುಡುಕಿದ ಔಷಧವೆಲ್ಲ ಆಸ್ಪತ್ರೆಯ ಹೊಟ್ಟೆಯೊಳಗೇ ಹಾಯಾಗಿ ಕೂತಿತ್ತು. ಮುಂದಿನ ಕಿಂಡಿಯಲ್ಲಿ ದಿನವಿಡೀ ನರ್ಸುಗಳು ಕೈಹಾಕುತ್ತಿದ್ದರು. ಅವರ ಬೆರಳಿಗೂ ಈ ಗಂಟಿಗೂ ಗೇಣು ದೂರವಿರಲಿಲ್ಲ.

“ಮನೆ ಕಳ್ಳನ್ನ ಹಿಡಿಯೋಕೆ ನಾನು ಗೇಟಿನಲ್ಲಿ ಪಾಪದ ಆಯಾಗಳ ಬುತ್ತಿ ಬಿಚ್ಚಿಸಿದ್ನಲ್ಲಾ,” ಎಂದು ಡಾಕ್ಟರಮ್ಮ ಹಣೆಗೆ ಕೈ ಹಚ್ಚಿಕೊಂಡರು.

ಅಕ್ಕ ಹೊರಬಂದು ಗೆದ್ದ ದನಿಯಲ್ಲಿ ಹೇಳಿದಳು. “ನೋಡಿದ್ರಾ ಸಾರ್? ಇದನ್ನ ಪ್ರೋಗ್ರಾಂ ಮಾಡೋಕಾಗಲ್ಲ. ನಡುವಿನ ಖಾನೆಯ ಸೀಸೆ ತಾನಾಗಿ ನೋವಿನ ಔಷಧದ ಟ್ರೇಗೆ ಹಾರಿ ಕೂರಲ್ಲ. ಹಿಂದಿನ ಬಾಗಿಲು ತೆಗೆದು, ಇಲ್ಲಿಂದ ಒಂದು ಸೀಸೆ ಎತ್ತಿ, ಬೇಕು ಬೇಕು ಅಂತಲೇ ಅಲ್ಲಿಟ್ಟಿದಾರೆ. ಏಳನೇ ಮಂಚದಿಂದ ಈ ಕೋಣೆ ಬಾಗಿಲು ಕಾಣುತ್ತೆ, ಆ ವ್ಯಾಪಾರಿ ಕಳ್ಳನ್ನ ನೋಡಿರಬೇಕು. ಇದು ಯಂತ್ರದ ಕೆಲಸ ಅಲ್ಲ. ಮನುಷ್ಯರ ಕೆಲಸ.”

“ಅಂದ್ರೆ ಅಜಾಗರೂಕತೆ ಅಲ್ಲ, ಕೊಲೆ,” ಎಂದರು ಇನ್ಸ್‌ಪೆಕ್ಟರ್.

“ಹೌದು. ಕೊಲೆ.”

ಆ ಮಾತು ಬಾಯಿಂದ ಬಿದ್ದ ಮೇಲೆ ಅಕ್ಕ ತಮ್ಮನ ಮುಖ ನೋಡಿದಳು. ಅವನು ಕಣ್ಣುಮುಚ್ಚಿಕೊಂಡಿದ್ದ. ಬಿಡುಗಡೆಯಾಗುವವನ ಮುಖವಲ್ಲ ಅದು.

“ಮೇಡಂ,” ಇನ್ಸ್‌ಪೆಕ್ಟರ್ ಸಂದಿಯೊಳಗೆ ಕೂಗಿದರು. “ಆ ಬೀಗ ಯಾರು ತೆಗೆದ್ರು ಅಂತ ನೆನಪಿಟ್ಕೊಳ್ಳುತ್ತಾ?”

“ಇಟ್ಕೊಳ್ಳುತ್ತೆ. ಕಡೇ ಕೆಲವು ಸಲದ್ದು ಮಾತ್ರ. ತಾಳಿ.” ಮತ್ತೆ ಕಿಚಿಕಿಚಿ. ಡಾಕ್ಟರಮ್ಮ ಹೊರಬಂದಾಗ ಅವರ ನೋಟ ಯಾರ ಮೇಲೂ ನಿಲ್ಲುತ್ತಿರಲಿಲ್ಲ. “ಈಗ ನಾನು ತೆಗೆದದ್ದು ಬಿಟ್ರೆ, ಅದಕ್ಕಿಂತ ಮುಂಚಿನದ್ದೆಲ್ಲ ಒಬ್ಬರದ್ದೇ. ರಿಪೇರಿಯವರ ಅಂಕಿ. ಕೊನೇ ಸಲ, ಆ ಮನುಷ್ಯ ಸಾಯೋದಕ್ಕೆ ಸ್ವಲ್ಪ ಮುಂಚೆ.”

ಅಕ್ಕ ಕಪಾಟಿನ ತಣ್ಣಗಿನ ಮೈಗೆ ಕೈಯೂರಿ ನಿಂತಳು. ಅಜಾಗರೂಕತೆಯಲ್ಲಿ ಮುಗಿಯಬಹುದಾಗಿದ್ದ ಕೇಸನ್ನು ಹಲಗೆಯ ಮೇಲೆ ಲೆಕ್ಕ ಹಾಕಿ, ಸಾಕ್ಷಿ ಸಮೇತ, ಕೊಲೆಯ ಕೇಸು ಮಾಡಿಕೊಟ್ಟವಳು ಅವಳೇ. ತಮ್ಮನ ಕೊರಳಿಗೆ ಹಗ್ಗ ಹೊಸೆದದ್ದು ಅವಳದೇ ಕೈ.

“ನೀನು ತೆಗೆದ್ಯಾ?” ಎಂದಳು.

ಅವನು ಮುಖ ಆಚೆ ತಿರುಗಿಸಿದ.

“ನಿನ್ನನ್ನೇ ಕೇಳ್ತಿರೋದು! ನೀನು ತೆಗೆದ್ಯಾ?”

“ಬೀಗ ತೆಗೆದೆ. ತೆಗೆದಿಟ್ಟು ಹೊರಟುಹೋದೆ. ಒಳಗೆ ಏನಿದೆ ಅಂತ ಕೂಡ ನೋಡಲಿಲ್ಲ.”

“ಯಾಕೆ ತೆಗೆದೆ? ಯಾರು ತೆಗಿ ಅಂದ್ರು?”

“ಬಿಡು ಅಕ್ಕ.”

“ಬಿಡಲ್ಲ!” ಅವಳು ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ಚಿಮ್ಮಿತ್ತು. “ಯಾರೋ ನಿನ್ನ ಕೈಯಲ್ಲಿ ಬೀಗ ತೆಗೆಸಿದಾರೆ. ಯಾರು ಹೇಳು. ಯಾವ ಮಹಾರಾಯನ್ನ ಕಾಪಾಡೋಕೆ ನೀನು ಸಾಯೋಕೆ ಹೊರಟಿದೀಯಾ? ಯಾರನ್ನ?”

“ನಿನ್ನನ್ನ!”

ಅವನು ಕಿರುಚಿದ. ಕಿರುಚಿ, ಅಂದದ್ದನ್ನು ವಾಪಸ್ ನುಂಗಲಾದೀತೇ ಎನ್ನುವ ಹಾಗೆ ಬೇಡಿಯ ಕೈಗಳನ್ನು ಬಾಯಿಗೆ ಒತ್ತಿಕೊಂಡ.

ನರ್ಸ್ ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕನ ಕೈ ಅವನ ಭುಜದಿಂದ ಜಾರಿತು.

ಇನ್ಸ್‌ಪೆಕ್ಟರ್ ಜೇಬಿನಿಂದ ತಮ್ಮನ ಫೋನು ತೆಗೆದರು; ಹಿಡಿದ ದಿನವೇ ಕಿತ್ತುಕೊಂಡಿದ್ದದ್ದು. ಅದನ್ನು ತೆರೆಯಲು ಅವನು ಒಪ್ಪಿರಲಿಲ್ಲ. ಈಗ ಅವನ ಹೆಬ್ಬೆರಳು ಹಿಡಿದು ಅದರ ಮೇಲೆ ಒತ್ತಿದರು. ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಓದಿದರು.

“‘ಅಕ್ಕ’ ಅಂತ ಹೆಸರಿದೆ. ‘ಕಪಾಟಿನ ಹಿಂದಿನ ಬೀಗ ತೆಗೆದಿಟ್ಟು ಹೋಗು. ಕಳ್ಳನಿಗೆ ಬಲೆ ಹಾಕ್ತಿದೀನಿ. ಯಾರಿಗೂ ಹೇಳಬೇಡ, ನನ್ನ ಹತ್ರಾನೂ ಮಾತೆತ್ತಬೇಡ.’ ಆ ವ್ಯಾಪಾರಿ ಸತ್ತ ದಿನದ್ದು. ಹಿಂದೆಯೂ ಇಂಥವೇ ಇವೆ.”

“ನಾನಲ್ಲ,” ಎಂದಳು ಅಕ್ಕ. “ನಾನು ಕಳಿಸಿಲ್ಲ. ಅಯ್ಯೋ, ನಾನು ಕಳಿಸೇ ಇಲ್ಲ ಸಾರ್!”

“ಈ ನಂಬರ್ ಯಾರದ್ದು?”

“ನಮ್ಮ ಆಫೀಸಿಂದು. ಆಫೀಸಿನ ಫೋನು.”

“ಯಾರು ಬಳಸ್ತೀರಿ?”

“ನಾನೇ. ಆದ್ರೆ ಅವತ್ತು ನನಗೆ ವಿಪರೀತ ಜ್ವರ. ಬೆಳಗಿಂದ ಮನೆಯಲ್ಲಿ ಕದ ಹಾಕ್ಕೊಂಡು ಮಲಗಿದ್ದೆ. ಫೋನು ಆಫೀಸಿನಲ್ಲೇ ಬಿಟ್ಟಿದ್ದೆ, ಮಾವನ ಹತ್ರ...”

ಹೇಳಿ ಮುಗಿಸುವ ಮೊದಲೇ ತಾನು ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಿತು.

ಎಲ್ಲರ ಕಣ್ಣೂ ಮಾವನ ಕಡೆ ತಿರುಗಿತು.

ಮಾವ ಔಷಧದ ಕೋಣೆಯ ಬಾಗಿಲ ಬಳಿ, ಗೋಡೆಗೆ ಒರಗಿ ನಿಂತಿದ್ದರು. ಈ ಆಸ್ಪತ್ರೆಯ ಮೂಲೆಮೂಲೆಯಲ್ಲಿ ಅವರಿಗೆ ಸಲುಗೆ. ಕಳ್ಳನನ್ನು ಹಿಡಿಯಲು ಬಂದವರನ್ನು ಎಲ್ಲಿಗೆ ಹೋಗುತ್ತೀರಿ ಎಂದು ಯಾರು ಕೇಳುತ್ತಾರೆ? ಅವರು ಅವಸರ ಮಾಡಲಿಲ್ಲ. ಅಕ್ಕನನ್ನು ನೋಡಿದರು. ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ನೋಡುತ್ತಿದ್ದ ಅದೇ ಮರುಕದ ನೋಟ.

“ಇಲ್ಲ ಸಾರ್,” ಎಂದರು. “ನನಗೆ ಹೇಳೋಕೆ ಹೊಟ್ಟೆ ಉರಿಯುತ್ತೆ. ಆದ್ರೆ ಸುಳ್ಳು ಹೇಗೆ ಹೇಳಲಿ? ಫೋನು ಅವತ್ತು ಇವಳ ಹತ್ರಾನೇ ಇತ್ತು.”

“ಮಾವ!”

“ಜ್ವರ ಅಂತ ಹೇಳಿದ್ದು ನಿಜ. ನಾನು ಮಧ್ಯಾಹ್ನ ಮನೆ ಹತ್ರ ಹೋದೆ. ಕದಕ್ಕೆ ಹೊರಗಿಂದ ಬೀಗ ಹಾಕಿತ್ತು.”

ಅಕ್ಕ ಆ ಮಧ್ಯಾಹ್ನ ಕಂಬಳಿಯೊಳಗೆ ನಡುಗುತ್ತ ಬಿದ್ದಿದ್ದಳು. ಬಾಗಿಲು ತಟ್ಟಿದವರು ಯಾರೂ ಇರಲಿಲ್ಲ, ನೋಡಿದವರೂ ಯಾರೂ ಇರಲಿಲ್ಲ. ತುತ್ತು ಹಾಕಿ ಬೆಳೆಸಿದ ಮನುಷ್ಯ ನಿಂತ ನಿಲುವಿನಲ್ಲಿ, ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳುತ್ತಿದ್ದರು. ಆ ಸುಳ್ಳು ಎಷ್ಟು ಸಲೀಸಾಗಿತ್ತೆಂದರೆ ಒಂದು ಗಳಿಗೆ ಅವಳಿಗೇ ತನ್ನ ಜ್ವರದ ಮೇಲೆ ಅನುಮಾನ ಬಂತು.

ಇನ್ಸ್‌ಪೆಕ್ಟರ್ ನಿಧಾನವಾಗಿ ಅವಳ ಕಡೆ ತಿರುಗಿದರು. “ನೀವು ನನ್ನ ಜೊತೆ ಬರಬೇಕಾಗುತ್ತಮ್ಮ.”

“ನಿಲ್ಲಿ ಸಾರ್!”

ತಮ್ಮ ಅಕ್ಕನಿಗೂ ಇನ್ಸ್‌ಪೆಕ್ಟರಿಗೂ ಅಡ್ಡ ಬಂದು ನಿಂತ.

“ಆ ಮೆಸೇಜುಗಳನ್ನ ಕಳಿಸಿದ್ದು ನಾನೇ. ಅಕ್ಕನ ಫೋನು ನಾನೇ ಎತ್ಕೊಂಡು ನನಗೇ ಕಳಿಸ್ಕೊಂಡೆ, ಸಿಕ್ಕಿಬಿದ್ರೆ ಅವಳ ಹೆಸರು ಹೇಳೋಣ ಅಂತ. ಔಷಧ ಕದ್ದಿದ್ದು ನಾನು. ಸೀಸೆ ಬದಲಾಯಿಸಿದ್ದೂ ನಾನು. ಆ ಮನುಷ್ಯನ್ನ ಕೊಂದಿದ್ದು ನಾನು. ಬರ್ಕೊಳ್ಳಿ.”

“ಸುಳ್ಳು! ಸಾರ್, ಇವನು ಸುಳ್ಳು ಹೇಳ್ತಿದಾನೆ! ನಾನೇ ಮಾಡಿದೀನಿ ಅಂತ ತಿಳ್ಕೊಂಡು ಹೀಗಾಡ್ತಿದಾನೆ! ಲೋ, ನಾನಲ್ವೋ, ನನ್ನಾಣೆ ನಾನಲ್ವೋ!”

ತಮ್ಮ ತಿರುಗಿ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವನು ಅವಳನ್ನು ನಂಬಿರಲಿಲ್ಲ, ನಂಬದೆಯೇ ಕ್ಷಮಿಸಿಬಿಟ್ಟಿದ್ದ.

“ಸಾಕು ಅಕ್ಕ,” ಎಂದ. “ಮನೆಗೆ ಹೋಗು.”

ಇನ್ಸ್‌ಪೆಕ್ಟರ್ ಅಕ್ಕನನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿ, ಪೆನ್ನು ತೆಗೆದು ಬರೆಯತೊಡಗಿದರು.

ಅಕ್ಕ ಆ ಪೆನ್ನನ್ನು ತಡೆಯಲು ಮುಂದೆ ನುಗ್ಗಿದಳು. ಹಿಂದಿನಿಂದ ಒಂದು ಕೈ ಬಂದು ಅವಳ ಹೆಗಲ ಮೇಲೆ ಕೂತಿತು. ಭಾರವಾದ, ಬೆಚ್ಚಗಿನ, ಹುಟ್ಟಿದಾಗಿನಿಂದ ಗೊತ್ತಿದ್ದ ಕೈ.

“ಅಳಬೇಡ ಪುಟ್ಟಿ,” ಎಂದರು ಮಾವ, ಎಲ್ಲರಿಗೂ ಕೇಳಿಸುವ ಹಾಗೆ. “ನಾನಿದ್ದೀನಲ್ಲ.”